ಬೇನೆ ಹೊತ್ತ ಕೋಳಿಗಳು

ಹೊಳೆಯ ದಂಡೆಯಲ್ಲಿ ಒಂದು ಆಶ್ರಮವಿತ್ತು. ಆಶ್ರಮವೆಂದರೆ ದೊಡ್ಡದೇನಲ್ಲ: ಎರಡು ಗುಡಿಸಲು, ಸುತ್ತ ಬಾರಿಹಣ್ಣಿನ, ಅಂದರೆ ಎಲಚಿಯ, ಮುಳ್ಳುಕಂಟಿಯ ಬೇಲಿ, ಒಬ್ಬ ಗುರು, ಒಬ್ಬ ಶಿಷ್ಯ. ಗುರುವನ್ನು ಊರವರು ಅಜ್ಜಾರು ಎನ್ನುತ್ತಿದ್ದರು. ಶಿಷ್ಯನ ಹೆಸರು ಅಡಿವೆಯ್ಯ.

ಆ ಸೀಮೆಯಲ್ಲಿ ಒಂದು ಪದ್ಧತಿ. ಊರಿಗೆ ಬೇನೆ ಬಂದರೆ ಒಂದು ಕೋಳಿಗೆ ಅರಿಸಿನ ಬಳಿದು, ಕಾಲಿಗೆ ಕೆಂಪು ದಾರ ಕಟ್ಟಿ, ಗಡಿಯಾಚೆ ಅಟ್ಟುತ್ತಿದ್ದರು. ಕೋಳಿಯ ಜೊತೆ ಬೇನೆಯೂ ಹೋಯಿತೆಂದು ನಂಬಿಕೆ. ಆಚೆ ಊರಿನವರೇನು ದಡ್ಡರೇ? ಅವರೂ ಒಂದು ದಾರ ಕಟ್ಟಿ ಮುಂದಿನ ಊರಿಗೆ ಅಟ್ಟುತ್ತಿದ್ದರು. ಅಂಥ ಕೋಳಿಯನ್ನು ಯಾರೂ ಕೊಲ್ಲರು, ಯಾರೂ ತಿನ್ನರು, ಯಾರೂ ಅದಕ್ಕೆ ಕಾಳು ಹಾಕರು.

ಒಂದು ದಿನ ಅಡಿವೆಯ್ಯ ಅಂಥದೊಂದನ್ನು ಎದೆಗೆ ಅವಚಿಕೊಂಡು ಬಂದ. ಅದರ ಕಾಲಿನಲ್ಲಿ ದಾರಗಳು ಬಳೆಯಷ್ಟು ದಪ್ಪವಾಗಿದ್ದವು.

"ಅಜ್ಜಾರ, ಇದನ್ನ ನಾ ಸಾಕ್ತೀನ್ರಿ."

"ಅಂಜಿಕಿ ಇಲ್ಲೇನು?"

"ಕೋಳಿಗೆ ಯಾಕ ಅಂಜಬೇಕ್ರಿ?"

"ಕೋಳಿಗಂತ ನಾ ಎಲ್ಲಿ ಅಂದೆ?"

ಅಡಿವೆಯ್ಯ ಕುಡುಗೋಲು ತಂದು ದಾರಗಳನ್ನು ಕತ್ತರಿಸಿದ. ಅರಿಸಿನ ತೊಳೆದ. ಹುತ್ತ ಕೆದಕಿ ಕರಟದ ತುಂಬ ಗೆದ್ದಲು ತಂದು ಮುಂದಿಟ್ಟ. ದಂಡೆಯ ಗೋಣಿಸೊಪ್ಪು ಕೊಯ್ದು ಹಾಕಿದ. ಕೋಳಿ ಬಹಳ ಹೊತ್ತು ಅವನ ಮುಖ ನೋಡಿ, ಆಮೇಲೆ ತಿಂದಿತು. ಅವನಿಗೆ ತಾನು ದೊಡ್ಡದೇನೋ ಮಾಡಿದೆ ಅನ್ನಿಸಿತು.

ಅವನಿಗೆ ಇನ್ನೊಂದು ಕೆಲಸವೂ ಇತ್ತು. ಕಂಟಿಯ ಬಾರಿಹಣ್ಣು ಆರಿಸಿ, ಬೆಲ್ಲ, ಉಪ್ಪು, ಒಣಮೆಣಸು ಹಾಕಿ ಒರಳಲ್ಲಿ ಕುಟ್ಟಿ ಉಂಡೆ ಕಟ್ಟುತ್ತಿದ್ದ. ಬಿಸಿಲಿಗೆ ಇಟ್ಟ ಉಂಡೆ ಒಣಗುವ ಮೊದಲೇ ಊರ ಮಕ್ಕಳು ಬಂದು ಮುಗಿಸುತ್ತಿದ್ದರು.

ಕೋಳಿ ಬಂದ ಮೇಲೆ ಮಕ್ಕಳು ಬರಲಿಲ್ಲ. ಅವನೇ ತಟ್ಟೆ ಹಿಡಿದು ಊರಿಗೆ ಹೋದ. ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. ಕೈ ಚಾಚಿದ ಮಗುವಿನ ಬಾಯಿಯನ್ನು ಅದರ ತಾಯಿ ಸೆರಗಿನಿಂದ ಒತ್ತಿ ಹಿಡಿದಳು.

ಅವನು ತುಂಬಿದ ತಟ್ಟೆಯೊಂದಿಗೆ ವಾಪಸು ಬಂದು ಅತ್ತ.

ಮರುದಿನ ಬೆಳಿಗ್ಗೆ ಆಶ್ರಮದ ಗೇಟಿಗೆ ಇನ್ನೊಂದು ಕೋಳಿಯನ್ನು ಯಾರೋ ಕಟ್ಟಿ ಹೋಗಿದ್ದರು. ಆಮೇಲೆ ಇನ್ನೊಂದು. ಅರಿಸಿನ ಬಳಿದ ಕೋಳಿಗಳು ಸುತ್ತಲಿನ ಊರುಗಳಿಂದ ಬರತೊಡಗಿದವು.

ಅಡಿವೆಯ್ಯ ಹಿಗ್ಗಿದ. "ಅಜ್ಜಾರ, ಮಂದಿಗೆ ನಮ್ಮ ಮ್ಯಾಲೆ ನಂಬಿಕಿ ಬಂದೈತ್ರಿ."

"ನಂಬಿಕಿ ಅಲ್ಲ. ಜಾಗಾ ಸಿಕ್ಕೈತಿ."

ಕೋಳಿಗಳು ತಿನ್ನುತ್ತಿದ್ದವು, ಆದರೆ ಸದ್ದು ಮಾಡುತ್ತಿರಲಿಲ್ಲ. ಹೊತ್ತು ಇಳಿದಾಗ ಎಲ್ಲವೂ ಬೇಲಿಯುದ್ದಕ್ಕೆ ಬಂದು ಸಾಲಾಗಿ ನಿಲ್ಲುತ್ತಿದ್ದವು. ಎಲ್ಲದರ ಮುಖ ಹೊಳೆಯ ಕಡೆಗೆ, ಆಚೆ ಊರಿನ ಕಡೆಗೆ. ಕರೆದರೂ ತಿರುಗುತ್ತಿರಲಿಲ್ಲ. ಅಡಿವೆಯ್ಯ ಅಜ್ಜಾರನ್ನು ಕೇಳಿದ.

"ಇವು ಯಾರನ್ನ ಕಾಯ್ತಾವ್ರಿ?"

"ಮುಂದಿನ ಊರಿಗೆ ಅಟ್ಟಾವರನ್ನ."

"ಇಲ್ಲಿ ಯಾರೂ ಅಟ್ಟೂದಿಲ್ಲಲ್ರಿ."



ಒಂದು ಬೆಳಿಗ್ಗೆ ಗೇಟಿನಲ್ಲಿ ಕಟ್ಟಿದ್ದು ಕೋಳಿಯಲ್ಲ.

ಒಬ್ಬ ಹೆಂಗಸು ಕುಳಿತಿದ್ದಳು. ಮುಖಕ್ಕೆ ಅರಿಸಿನ. ಕಾಲಿಗೆ ಕೆಂಪು ದಾರ, ಅದರ ಇನ್ನೊಂದು ತುದಿ ಗೇಟಿನ ಗೂಟಕ್ಕೆ. ಅಳುತ್ತಿರಲಿಲ್ಲ. ಹೊಳೆಯ ಕಡೆ ನೋಡುತ್ತಿದ್ದಳು.

ಅಡಿವೆಯ್ಯ ದೂರವೇ ನಿಂತ. "ಯಾರವ್ವಾ ನೀನು?"

"ಗಿರಿಯವ್ವ ಅಂತಾರ್ರಿ. ಮನ್ಯಾಗ ಎಲ್ಲಾರೂ ಜ್ವರದಾಗ ಹೋದ್ರು. ನಾ ಒಬ್ಬಾಕಿ ಉಳದೆ. ಬೇನಿ ಹೊತ್ತಾಕಿ ನಾನ ಅಂದ್ರು."

"ದಾರ ಯಾರು ಕಟ್ಟಿದ್ರು?"

"ಆಚೆ ಮನ್ಯಾಗಿನ ನನ್ನ ಮೈದುನ."

"ನೂಲಿನ ದಾರ ಐತಲ್ಲವ್ವ. ಒಮ್ಮೆ ಜಗ್ಗಿದ್ರ ಹರೀತೈತಿ."

"ಹರದ್ರ ಬೇನಿ ತಿರುಗಿ ಊರಿಗೆ ಹೊಕ್ಕೈತ್ರಿ. ಮೈದುನನ ಮಕ್ಕಳು ಸಣ್ಣವದಾವ." ಆಮೇಲೆ ಅಂದಳು, "ತಿನ್ನಾಕ ಏನರ ಇದ್ರ ಕೊಡ್ರಿ. ಹತ್ರ ಬರಬ್ಯಾಡ್ರಿ."

ಅಡಿವೆಯ್ಯ ಒಳಗೆ ಹೋಗಿ ಬಾರಿಹಣ್ಣಿನ ಉಂಡೆ ತಂದ. ನಿಂತಲ್ಲಿಂದಲೇ ಎಸೆದ. ಅದು ಅವಳ ಕೈಗೆ ಎಟುಕದೆ ಧೂಳಿನಲ್ಲಿ ಬಿತ್ತು. ದಾರ ಹರಿದೀತೆಂದು ಅವಳು ಮುಂದೆ ಬಾಗಲಿಲ್ಲ.

ಅವನು ಅಜ್ಜಾರ ಬಳಿಗೆ ಓಡಿದ.

"ಅಜ್ಜಾರ, ಕೋಳಿ ಇಟ್ಕೊಬೌದು. ಮನುಷ್ಯಾರನ್ನ ಹ್ಯಾಂಗ್ರಿ? ಹೊಳಿಯಾಚೆ ದೊಡ್ಡ ಊರೈತಿ. ಅಲ್ಲಿ ಯಾರಾದ್ರೂ ನೋಡ್ಕೊಂತಾರ. ದೋಣಿ ಕರೀಲೇನ್ರಿ?"

ಕೇಳುತ್ತ ಕೇಳುತ್ತ ತನ್ನ ದನಿ ಅವನಿಗೇ ಬೇರೆ ಯಾರದೋ ಅನ್ನಿಸಿತು. ಬೇಲಿಯ ಬಳಿ ಕೋಳಿಗಳೆಲ್ಲ ಅವನತ್ತ ತಿರುಗಿ ನಿಂತಿದ್ದವು. ಅವು ಮೊದಲ ಸಲ ಹೊಳೆಯನ್ನು ಬಿಟ್ಟು ಬೇರೆ ಕಡೆ ನೋಡಿದ್ದು ಆಗಲೇ.

ಅಜ್ಜಾರು ಎದ್ದು ಗೇಟಿಗೆ ನಡೆದರು. ಗಿರಿಯವ್ವ ಹಿಂದಕ್ಕೆ ಸರಿದಳು.

"ಮುಟ್ಟಬ್ಯಾಡ್ರಿ ಅಜ್ಜಾರ! ಸಾಯ್ತೀರಿ."

ಅಜ್ಜಾರು ಅವಳ ಪಕ್ಕದಲ್ಲೇ ನೆಲಕ್ಕೆ ಕುಳಿತರು. ಧೂಳಿನ ಉಂಡೆಯನ್ನು ಎತ್ತಿ ಪಂಜೆಗೆ ಒರಸಿದರು. ಎರಡು ಮಾಡಿ ಒಂದನ್ನು ಅವಳ ಅಂಗೈಯಲ್ಲಿಟ್ಟು, ಬೆರಳು ಮಡಿಚಿ, ಇನ್ನೊಂದನ್ನು ಬಾಯಿಗೆ ಹಾಕಿಕೊಂಡರು.

ಗಿರಿಯವ್ವ ಅವರನ್ನೇ ನೋಡುತ್ತ ಕುಳಿತಳು. ಅವರು ಈಗ ಸಾಯುತ್ತಾರೆ, ಈಗ ಸಾಯುತ್ತಾರೆ ಎಂದು ಕಾಯುವವಳ ಹಾಗೆ. ಅಜ್ಜಾರು ಬೀಜ ಉಗುಳಿದರು. ಆಮೇಲೆ ಅವಳು ತಿಂದಳು. ತಿನ್ನುತ್ತ ತಿನ್ನುತ್ತ ಅಳು ಬಂತು.

ಅಳು ನಿಂತ ಮೇಲೆ ಕಾಲನ್ನು ದೂರ ನಿಂತಿದ್ದ ಅಡಿವೆಯ್ಯನ ಕಡೆ ಚಾಚಿದಳು. "ನೀವ ಹರೀರಿ. ನನ್ನ ಕೈಲೆ ಆಗೂದಿಲ್ಲ."

ಅಡಿವೆಯ್ಯ ಕುಡುಗೋಲು ಹಿಡಿದು ಬಂದ. ಅವಳ ಕಾಲಿನ ಹತ್ತಿರ ಕುಕ್ಕರಗಾಲಲ್ಲಿ ಕುಳಿತ. ಅವನ ಕೈ ಅಲ್ಲಿಗೇ ನಿಂತುಬಿಟ್ಟಿತು.

"ಅಜ್ಜಾರ," ಅಂದ, "ಅಷ್ಟೊಂದು ಕೋಳಿಗಳ ದಾರ ಹರದೆ. ಈಕೀದು ಹರೀಲಾಕ ಯಾಕ ಕೈ ಬರವಲ್ದು?"

"ಕೋಳಿ ನಿನ್ನ ಹಾಂಗ ಇರಲಿಲ್ಲ, ತಮ್ಮಾ. ಈಕಿ ನಿನ್ನ ಹಾಂಗ ಅದಾಳ, ಅದಕ್ಕ ಅಂಜತೀ."