ಹೂವಿಗೆ ಹೆಣ್ಣು ಮುಡಿಸಿದ ಓಬ

ಕೂತು ಕೇಳ್ರಪ್ಪಾ, ನಗು ಬಂದರೆ ಮೆಲ್ಲಗೆ ನಗಿ. ಓಬನ ಅವ್ವ ಕೇಳಿಸಿಕೊಂಡರೆ ನೊಂದುಕೊಂಡಾಳು.

ಮರಳುದಿಬ್ಬದ ಮಗ್ಗುಲಲ್ಲಿ ಒಂದು ಊರು. ಅಲ್ಲಿ ಬೊಮ್ಮಕ್ಕ ಅಂತ ಒಬ್ಬ ಮುದುಕಿ, ಅವಳಿಗೆ ಓಬ ಅಂತ ಒಬ್ಬನೇ ಮಗ. ಆಳು ನೋಡಿದರೆ ಬಾಗಿಲೆತ್ತರ, ಬುದ್ಧಿ ನೋಡಿದರೆ ಹೊಸ್ತಿಲೆತ್ತರ. ಸೋಮಾರಿಯಲ್ಲ, ಸುಳ್ಳನಲ್ಲ. ಹೇಳಿದ್ದನ್ನು ಒಂದಕ್ಷರ ಬಿಡದೆ ಮಾಡುತ್ತಿದ್ದ. ಅದೇ ತೊಂದರೆ!

"ನಾನು ಕಣ್ಣು ಮುಚ್ಚೋದ್ರೊಳಗೆ ನಿನ್ನ ತಲೆ ಮೇಲೆ ನಾಲ್ಕು ಅಕ್ಕಿಕಾಳು ಬೀಳಬೇಕು ಕಣೋ," ಅನ್ನುತ್ತಿದ್ದಳು ಬೊಮ್ಮಕ್ಕ. "ನಾನು ಹೋದಮೇಲೆ ನಿಂಗೆ ಹೇಳಿಕೊಡೋರು ಯಾರೋ?"

"ಹೂಂ ಅವ್ವಾ," ಅನ್ನುತ್ತಿದ್ದ ಓಬ.

ಕೊನೆಗೂ ಒಂದು ಹೆಣ್ಣು ಸಿಕ್ಕಿತು. ಪಕ್ಕದೂರಿನ ಮಾರಕ್ಕ, ಅಜ್ಜಿ ಸಾಕಿದ ಹುಡುಗಿ. ಮೂರನೇ ದಿನಕ್ಕೆ ಅಜ್ಜಿ ಮೊಮ್ಮಗಳು ಇಬ್ಬರೂ ಮನೆ ನೋಡಲು ಬರುವುದೆಂದಾಯಿತು. ಆ ಸೀಮೆಯಲ್ಲಿ ಒಂದು ಪದ್ಧತಿ: ಗಂಡಿನ ಮನೆಯವರು ತಮ್ಮೂರ ನೆಲದ ಹೂವನ್ನೇ ಹೆಣ್ಣಿಗೆ ಮುಡಿಸಬೇಕು. ಮುಡಿಸಿದರೆ ಮಾತು ಗಟ್ಟಿ, ಇಲ್ಲದಿದ್ದರೆ ಇಲ್ಲ. ಆ ಸುಡು ಬೇಸಿಗೆಯಲ್ಲಿ ಹೂವೆಲ್ಲಿ? ಇದ್ದದ್ದು ಒಂದೇ, ದಿಬ್ಬದ ನೆತ್ತಿಯ ಅಡವಿ ಸೇವಂತಿಗೆ. ನೀರು ಕೇಳದೆ, ನೆರಳು ಕೇಳದೆ ಸೊಂಟದೆತ್ತರ ಪೊದೆಯಾಗಿ ಹಳದಿ ಹೂ ಬಿಡುತ್ತಿತ್ತು. ಬಲಿತ ಹೂ ಹತ್ತಿಯಂತೆ ಬೆಳ್ಳಗಾಗಿ ಗಾಳಿಗೆ ಹಾರುತ್ತಿತ್ತು.

ಬೊಮ್ಮಕ್ಕನಿಗೆ ಮಂಡಿನೋವು. "ಹೋಗೋ ಓಬ, ಹೂ ಬಿಡಿಸಿ ಬಾ," ಅಂದಳು.

ಹೋದ. ಬರಿಗೈಲಿ ಬಂದ.

"ಹೂ ಎಲ್ಲೋ?"

"ಬಿಡಿಸ್ದೆ ಅವ್ವಾ! ಗಿಡ ಬಿಗಿಯಾಗಿ ಹಿಡ್ಕೊಂಡಿತ್ತು. ಬಿಡಿಸಿ ಬಿಟ್ಟೆ. ಗಾಳಿ ಜೊತೆ ಹೊರಟೇಹೋದ್ವು!"

"ಅಯ್ಯೋ ಪೆದ್ದೇ! ಸಿಕ್ಕಿದ್ದನ್ನ ಪಂಚೆ ಮಡಿಲಲ್ಲಿ ಕಟ್ಟಿಕೊಂಡು ತರಬೇಕು ಕಣೋ!"

"ಹೂಂ ಅವ್ವಾ, ಹಂಗೇ ಮಾಡ್ತೀನಿ."

ಮರುದಿನ ನೆಂಟರ ಊಟಕ್ಕೆ ಮೊಸರು ತರಲು ಕಳಿಸಿದಳು. ಪಂಚೆ ಮಡಿಲಲ್ಲಿ ಕಟ್ಟಿಕೊಂಡೇ ತಂದ. ಹಿಂದೆ ಊರ ನಾಯಿಗಳೆಲ್ಲ!

"ಮೊಸರೆಲ್ಲೋ?"

"ಇಲ್ಲಿ ಸ್ವಲ್ಪ ಐತೆ ಅವ್ವಾ, ಅವುಗಳ ಹೊಟ್ಟೇಲಿ ಸ್ವಲ್ಪ ಐತೆ."

"ನಿನ್ನ ಬುದ್ಧಿಗಿಷ್ಟು! ಬಾಯಿ ಮುಚ್ಚಿ, ತಲೆ ಮೇಲೆ ಹೊತ್ತು, ಅಲುಗಾಡದಂಗೆ ತರಬೇಕು ಕಣೋ!"

"ಹೂಂ ಅವ್ವಾ, ಹಂಗೇ ಮಾಡ್ತೀನಿ."

ಮೂರನೇ ದಿನ ಬಂತು. "ಅಜ್ಜಿ ಊರಬಾಗಿಲಿಗೆ ಬಂದವ್ರಂತೆ, ಕರ್ಕೊಂಡು ಬಾರೋ," ಅಂದಳು. ಹೇಗೆ ಕರೆತಂದಿರಬೇಕು ಹೇಳಿ! ಅಜ್ಜಿಯ ಬಾಯಿ ಮುಚ್ಚಿ ಸೆರಗು ಕಟ್ಟಿ, ತಲೆ ಮೇಲೆ ಹೊತ್ತು, ಅಲುಗಾಡದಂತೆ ತಂದು ಜಗಲಿಗೆ ಇಳಿಸಿದ. ಹಿಂದೆ ಬಂದ ಮಾರಕ್ಕ ಸೆರಗಿನಿಂದ ತನ್ನ ಬಾಯಿಯನ್ನೂ ಮುಚ್ಚಿಕೊಂಡಿದ್ದಳು, ನಗು ತಡೆಯಲಾರದೆ.

ಬೊಮ್ಮಕ್ಕ ಅಜ್ಜಿಯ ಕಾಲು ಹಿಡಿದಳು. ಮಗನನ್ನು ಹಿತ್ತಲಿಗೆ ಎಳೆದೊಯ್ದಳು. "ತಲೆ ಬೆಳ್ಳಗಾದೋರ್ನ ಮುಟ್ಟಬಾರದು ಕಣೋ! ಅಡ್ಡಬಿದ್ದು, 'ಬನ್ನಿ, ನಮ್ಮನೆಗೆ ಬನ್ನಿ' ಅಂತ ಕರೀಬೇಕು! ಓಡು, ಇವತ್ತಾದರೂ ಹೂ ತಗೊಂಡು ಬಾ. ನಿನ್ನ ಬದುಕು ಆ ಹೂವಿನ ಮೇಲೈತೆ!"

"ಹೂಂ ಅವ್ವಾ."

ಹೊತ್ತು ಏರಿತು, ಹೊತ್ತು ಇಳಿಯಿತು. ಓಬ ಇಲ್ಲ. ಅಜ್ಜಿ ಎದ್ದುನಿಂತಳು: "ಏಳೇ ಮಾರಕ್ಕ, ಈ ಮನೆ ಸಹವಾಸ ಸಾಕು!"

"ತಡಿ ಅಜ್ಜಿ, ನೋಡ್ಕೊಂಡು ಬತ್ತೀನಿ," ಅಂದವಳೇ ಮಾರಕ್ಕ ದಿಬ್ಬದ ದಾರಿ ಹಿಡಿದಳು. ಅಜ್ಜಿ ಬೈಯುತ್ತಾ ಹಿಂದೆ ಹೋದಳು, ಬೊಮ್ಮಕ್ಕ ಮಂಡಿ ಹಿಡಿದುಕೊಂಡು ಅವಳ ಹಿಂದೆ. ಒಂದೊಂದು ಹೆಜ್ಜೆಗೂ ಅವಳಿಗೆ ಒಂದೇ ಯೋಚನೆ. ಇವನು ಒಂದು ದಿನವೂ ನನ್ನ ಮಾತು ಮೀರಿಲ್ಲ; ತಪ್ಪು ಇವನದೋ, ನನ್ನ ಮಾತಿನದೋ?

ನೆತ್ತಿ ತಲುಪಿದಾಗ ಕಂಡದ್ದೇನು! ಮಾರಕ್ಕ ಗಿಡಕ್ಕೆ ಬೆನ್ನು ಮಾಡಿ ಕೂತಿದ್ದಾಳೆ. ಅವಳ ಜಡೆಯ ತುದಿಯನ್ನು ಓಬ ಹೂವಿನ ಕೊಂಬೆಗೆ ಗಂಟು ಹಾಕುತ್ತಿದ್ದಾನೆ.

"ಏನೋ ಇದು, ಮನೆಹಾಳ!"

"ಅವ್ವಾ, ಗಿಡದ ತಲೆ ಬೆಳ್ಳಗಾಗೈತೆ! ಮುಟ್ಟದೆ, ಅಡ್ಡಬಿದ್ದು ಎಷ್ಟು ಕರದ್ರೂ ಹೂ ಬರಲಿಲ್ಲ. ಇವಳು ಮಾತ್ರ ಕರೀದೇ ಬಂದ್ಲು. ಅದಕ್ಕೆ ಇವಳನ್ನೇ ಹೂವಿಗೆ ಮುಡಿಸ್ತಿದೀನಿ!"

ಅಜ್ಜಿ ಜಡೆ ಬಿಚ್ಚಲು ಹೋದಳು. ಮಾರಕ್ಕ ತಲೆ ಅಲ್ಲಾಡಿಸಿದಳು. "ಬಿಡಜ್ಜಿ. ನಾನು ಹೇಳಿದ್ದನ್ನ ಇಲ್ಲಿವರೆಗೆ ಯಾರು ಕೇಳವ್ರೆ? ಇವನು ಗಿಡಕ್ಕೂ ಕೈ ಮುಗಿದು ಕಾದವ್ನೆ. ನಾನು ಸರಿಯಾಗಿ ಹೇಳ್ತೀನಿ, ಇವನು ಕೇಳ್ತಾನೆ. ಮುಡಿದದ್ದಾಯ್ತು, ಮಾತು ಗಟ್ಟಿ."

ಬೊಮ್ಮಕ್ಕನ ಎದೆಭಾರ ಇಳಿಯಿತು. ಅಲ್ಲೇ ಮರಳಲ್ಲಿ ಕೂತು, ಕಣ್ಣು ಮುಚ್ಚಿ ಅತ್ತಳು. ಓಬ ಹೌಹಾರಿ ಓಡಿಬಂದು ಎರಡೂ ಕೈಯಿಂದ ಅವಳ ರೆಪ್ಪೆ ಎತ್ತಿ ಹಿಡಿದ. "ಮುಚ್ಚಬೇಡ ಅವ್ವಾ! ಅಕ್ಕಿಕಾಳು ಇನ್ನೂ ಬಿದ್ದಿಲ್ಲ!"

ಹದಿನೈದು ದಿನಕ್ಕೆ ಮದುವೆ. ತಾಳಿ ಕಟ್ಟಿದ, ಅಕ್ಕಿಕಾಳು ತಲೆ ಮೇಲೆ ಬಿದ್ದವು. ಓಬ ಒಂದು, ಎರಡು, ಮೂರು, ನಾಲ್ಕು ಎಣಿಸಿದ. ಆಮೇಲೆ ತುಂಬಿದ ಚಪ್ಪರದಲ್ಲಿ ಎದ್ದುನಿಂತು ಕೂಗಿದ:

"ಅವ್ವಾ! ನಾಲ್ಕೂ ಬಿದ್ವು! ಈಗ ಕಣ್ಣು ಮುಚ್ಚು!"

ಚಪ್ಪರದಲ್ಲಿದ್ದವರೆಲ್ಲ "ಬಿಡ್ತು ಅನ್ನೋ, ಬಿಡ್ತು ಅನ್ನು!" ಅಂತ ಕೂಗಿಕೊಂಡರು. ಬೊಮ್ಮಕ್ಕ ಮಾತ್ರ ಜಡೆಯ ತುಂಬ ಅಡವಿ ಸೇವಂತಿಗೆ ಮುಡಿದು ನಿಂತ ಸೊಸೆಯನ್ನು ಕಣ್ತುಂಬ ನೋಡಿದಳು.

"ಮುಚ್ಚಲ್ಲ ಹೋಗೋ, ಪೆದ್ದೇ!" ಅಂದಳು.