ಸಾಹೇಬರನ್ನು ಕಸ್ತೂರಿ ಹೊಗಳಿದ್ದು

ತುಕ್ಕು ತಡೆಯುವ ಬಣ್ಣ ಮಾಡಿಕೊಟ್ಟ ರಸಾಯನ ತಜ್ಞೆ ಕಸ್ತೂರಿ ಬಡ್ತಿ ಕೇಳಿದಳು. "ನಿಮ್ಮ ನಂತರ ಇಲ್ಲಿ ಹಿರಿಯಳು ನಾನೇ ಸಾರ್."

ಪ್ರಯೋಗಾಲಯದ ಮುಖ್ಯಸ್ಥ ವರದರಾಯರು ನಕ್ಕರು. "ನಾನಿರೋವರೆಗೆ ಈ ಕುರ್ಚಿ ನಿನಗಿಲ್ಲಮ್ಮ. ನಾಳೆ ಸಮ್ಮೇಳನದಲ್ಲಿ ನಿನ್ನ ತುತ್ತೂರಿ ಊದಬೇಡ. ಆ ಬಣ್ಣ ರಾಯರದ್ದು ಅಂತಲೇ ಹೇಳು."

"ಆಗಲಿ ಸಾರ್."

ಸಮ್ಮೇಳನದಲ್ಲಿ ಕಸ್ತೂರಿ ಕಾಫಿ ಹಿಡಿದು ಪೈಪೋಟಿ ಕಂಪನಿಯ ಮಾಲೀಕರ ಪಕ್ಕದಲ್ಲೇ ನಿಂತಳು. ತನ್ನ ಬಗ್ಗೆ ತುಟಿ ಬಿಚ್ಚಲಿಲ್ಲ. "ಆ ಬಣ್ಣವೇ? ನಮ್ಮ ರಾಯರದ್ದು! ಅಂಥ ತಲೆ ಈ ಸೀಮೆಯಲ್ಲೇ ಇಲ್ಲ. ಪಾಪ, ನಮ್ಮಲ್ಲಿ ಅವರಿಗೆ ಸಿಗೋ ಸಂಬಳ ಮಾತ್ರ ಕಡಿಮೆ" ಎಂದು ಊಟದ ಹೊತ್ತಿನವರೆಗೂ ಹೊಗಳಿದಳು.

ತಿಂಗಳೊಳಗೆ ಆ ಮಾಲೀಕರು ದುಪ್ಪಟ್ಟು ಸಂಬಳ ಕೊಟ್ಟು ರಾಯರನ್ನು ಎಳೆದುಕೊಂಡರು.

ಬೀಳ್ಕೊಡುಗೆಯ ಹಾರ ಹಾಕಿಸಿಕೊಂಡ ರಾಯರು ಎದೆಯುಬ್ಬಿಸಿದರು. "ನೋಡಮ್ಮ, ಯೋಗ್ಯತೆ ಇದ್ದರೆ ಜಗತ್ತೇ ಹುಡುಕಿಕೊಂಡು ಬರುತ್ತೆ. ಬಾಯಿಬಿಟ್ಟು ಕೇಳಬಾರದು."

"ನಿಜ ಸಾರ್," ಅಂದಳು ಕಸ್ತೂರಿ. "ನಿಮ್ಮ ಕೋಣೆಯ ಬೀಗದ ಕೈ ಕೊಟ್ಟು ಹೋಗ್ತೀರಾ?"