ನಡುಗುವ ಕೈಗೊಂದು ಲೋಟ

“ರೋಗಿಯ ಹಿತಕ್ಕೆಂದೇ ಒಂದು ಸಾಧನ ಮಾಡಿಕೊಡುತ್ತೇವೆ. ಅವನು ಅದನ್ನು ಮುಟ್ಟುವುದೇ ಇಲ್ಲ. ತಪ್ಪು ಯಾರದು, ಗುರುಗಳೇ?” ಎಂದು ವೈದ್ಯವಿದ್ಯೆ ಕಲಿಯುತ್ತಿದ್ದ ಶಿಷ್ಯನೊಬ್ಬ ಕೇಳಿದ.

ಗುರು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ವೈದ್ಯನಿದ್ದ. ಅದೇ ಊರಿನ ನೇಕಾರರ ಮನೆಯ ಮುದುಕಿಯೊಬ್ಬಳಿಗೆ ಕೈನಡುಕ ಹತ್ತಿತು. ಲೋಟ ಎತ್ತಿದರೆ ನೀರು ಬಾಯಿಗಿಂತ ಹೆಚ್ಚಾಗಿ ಸೀರೆಗೆ ಬೀಳುತ್ತಿತ್ತು. ನಡುಕಕ್ಕೆ ಮದ್ದಿರಲಿಲ್ಲ. ವೈದ್ಯ ಯೋಚಿಸಿ ಯೋಚಿಸಿ, ಮುಚ್ಚಳವೂ ಕೊಕ್ಕಿನಂಥ ಮೂತಿಯೂ ಇರುವ ಹಿತ್ತಾಳೆಯ ಬಟ್ಟಲೊಂದನ್ನು ಮಾಡಿಸಿದ. ತನ್ನ ಕೈಯನ್ನೇ ಗಡಗಡ ನಡುಗಿಸಿ ಅದರಲ್ಲಿ ಕುಡಿದು ನೋಡಿದ. ಒಂದು ಹನಿಯೂ ಚೆಲ್ಲಲಿಲ್ಲ. ಹಿಗ್ಗಿನಿಂದ ಮುದುಕಿಗೆ ಕೊಟ್ಟು ಬಂದ.

ಬೇಸಿಗೆಯಲ್ಲಿ ಅವಳ ಸೊಸೆ ಓಡಿ ಬಂದಳು. ಅತ್ತೆ ಎಚ್ಚರ ತಪ್ಪಿ ಬಿದ್ದಿದ್ದರು.

ವೈದ್ಯ ಹೋಗಿ ನೋಡಿದ. ಮುದುಕಿಯ ನಾಲಗೆ ಒಣಗಿತ್ತು. ಬಟ್ಟಲು ಗೋಡೆಯ ಗೂಡಿನಲ್ಲಿ, ಕೊಟ್ಟ ದಿನದ ಹೊಳಪಿನಲ್ಲೇ ಇತ್ತು. ತುಟಿಗೆ ನೀರು ಹನಿಸುತ್ತ, ಅವಳು ಕಣ್ಣು ತೆರೆದು ಎದ್ದು ಕೂರುವವರೆಗೂ ಕಾದು, ಆಮೇಲೆ ಸಿಟ್ಟಿನಿಂದ ಕೇಳಿದ: “ಯಾಕಜ್ಜಿ, ಇದರಲ್ಲಿಯೂ ನೀರು ಚೆಲ್ಲುತ್ತದೆಯೇ?”

“ಇಲ್ಲ ಪಂಡಿತರೇ. ಆದರೆ ಮಕ್ಕಳು ಮೊಮ್ಮಕ್ಕಳಿಗೆಲ್ಲ ಇಂಥದೇ ಮೂತಿಯ ಒಳಲೆಯಲ್ಲಿ ಹಾಲು ಹಾಕಿ ಬೆಳೆಸಿದವಳು ನಾನು. ಈಗ ಸೊಸೆಯರೆದುರು ನಾನೇ ಒಳಲೆ ಬಾಯಿಗಿಡಲೇ? ಅದಕ್ಕಿಂತ ಬಾಯಾರಿಕೆಯೇ ವಾಸಿ ಅನ್ನಿಸಿತು.”

ವೈದ್ಯನ ಸಿಟ್ಟು ಇಳಿಯಿತು. “ಹಾಗಾದರೆ ಎಂಥದ್ದು ಬೇಕು?”

“ಅದು ನನಗೂ ತಿಳಿಯದು. ನೀವು ಮಾಡಿಸಿ, ನಾನು ಕುಡಿದು ಹೇಳುತ್ತೇನೆ.”

ಅವಳು ಚೇತರಿಸಿಕೊಂಡ ಮೇಲೆ ಇಬ್ಬರೂ ಕಂಚುಗಾರನ ಅಂಗಡಿಯಲ್ಲಿ ಕೂತರು. ತಳ ದಪ್ಪಗಿದ್ದರೆ ಕೈ ನಿಲ್ಲುತ್ತದೆಂದು ವೈದ್ಯ ಹಾಗೆ ಮಾಡಿಸಿದ. ಅಷ್ಟು ಭಾರಕ್ಕೆ ಮಣಿಕಟ್ಟು ನೋಯುತ್ತದೆಂದು ಅವಳು ಹಿಂದಕ್ಕೆ ಕೊಟ್ಟಳು. ಇನ್ನೊಂದನ್ನು ಎತ್ತಿದಾಗ ನೀರೆಲ್ಲ ವೈದ್ಯನ ಪಂಚೆಯ ಮೇಲಾಯಿತು. ಅವಳು ನಕ್ಕಳು, ಅವನೂ ನಕ್ಕ. ಕೊನೆಗೆ, ಅಂಚು ತುಸು ಒಳಕ್ಕೆ ಬಾಗಿದ ಲೋಟವೊಂದು ಅವಳ ಕೈಗೆ ಒಗ್ಗಿತು. ನೋಡುವವರಿಗೆ ಅದು ಮನೆಯ ಉಳಿದ ಲೋಟಗಳಂತೆಯೇ ಇತ್ತು. ಕುಡಿಯುವಾಗ ಒಂದೆರಡು ಹನಿ ಚೆಲ್ಲುತ್ತಿತ್ತು. ಅವಳು ಸೆರಗಿನಿಂದ ಒರೆಸಿಕೊಂಡು, ಊಟದ ಸಾಲಿನಲ್ಲಿ ಎಲ್ಲರೊಡನೆ ಕೂತು, ಇನ್ನಷ್ಟು ನೀರು ಕೇಳುತ್ತಿದ್ದಳು.

ಕತೆ ಮುಗಿಯಿತು. ಶಿಷ್ಯ ಸ್ವಲ್ಪ ಯೋಚಿಸಿ, “ಒಂದರಲ್ಲಿ ಹನಿಯೂ ಚೆಲ್ಲದು, ಇನ್ನೊಂದರಲ್ಲಿ ಚೆಲ್ಲುತ್ತದೆ. ಎರಡರಲ್ಲಿ ಉತ್ತಮವಾದದ್ದು ಯಾವುದು, ಗುರುಗಳೇ?” ಎಂದ.

“ನೀರು ಕುಡಿದವಳು ಅವಳು, ನನ್ನನ್ನೇಕೆ ಕೇಳುತ್ತೀಯ?” ಎಂದರು ಗುರು.